ಹಿಂದಿನ ಸೀಟಿನ ಎಡಮಗ್ಗುಲು

ಮಾಲಿಂಗ ಗಿರಾಕಿಯ ಮುಖ ನೋಡುವವನಲ್ಲ. ಗಾಡಿಯ ಬಾಗಿಲು ತೆಗೆದು ಮೊದಲು ಸೀಟು ನೋಡುತ್ತಾನೆ. ಡ್ರೈವರ್ ಸೀಟಿನ ಹೊರಗಿನ ಅಂಚು ಹರಿದಿದ್ದರೆ, "ಇಳಿಯೂ ಮುಂದ ಎಮ್ಮಿ ಹೊಳ್ಳಿದಂಗ ಹೊಳ್ಳತೀರಿ, ಹರೀದ ಏನ್ ಮಾಡೀತು?" ಎನ್ನುತ್ತಾನೆ. ನಡುವೆ ಕುಳಿ ಬಿದ್ದಿದ್ದರೆ, "ಕುಂತಲ್ಲೇ ಕುಂತು ಯಾವ ಗುಡ್ಡ ಕಡದ್ರಿ?" ಎಂದು ಕೇಳುತ್ತಾನೆ. ಹುಕ್ಕೇರಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, 'ರಾಯಪ್ಪ ಸೀಟ್ ವರ್ಕ್ಸ್' ಎಂಬ ಬೋರ್ಡಿನ ಕೆಳಗೆ, ಮೂವತ್ತೈದು ವರ್ಷಗಳಿಂದ ಹೀಗೆ ಬಂದವರ ಮಾನ ಕಳೆಯುತ್ತಲೇ ಇದ್ದಾನೆ. ಆದರೂ ಅಂಗಡಿ ಮುಚ್ಚಿಲ್ಲ. ಬೈಗುಳ ತಿಂದವರು ಮತ್ತೆ ಬರುತ್ತಾರೆ, ಏಕೆಂದರೆ ಅವನು ಹೊಲಿದ ಸೀಟು ಗಾಡಿಗಿಂತ ಹೆಚ್ಚು ಬಾಳುತ್ತದೆ.

ಅವನ ತಿರಸ್ಕಾರಕ್ಕೆ ಎಲ್ಲೆಯೇ ಇರಲಿಲ್ಲ. ಮೂಡಲಗಿಯಿಂದ ಟ್ರ್ಯಾಕ್ಟರ್ ಸೀಟು ಹೊತ್ತು ತಂದು ಹುಲಿಪಟ್ಟೆಯ ರೆಕ್ಸಿನ್ ಕೇಳುವ ರೈತರು ತಲೆಯಿಲ್ಲದವರು. ಕಾರು ಕೊಂಡು ಸೀಟಿನ ಪ್ಲಾಸ್ಟಿಕ್ ತೆಗೆಯದೆ ಅದರ ಮೇಲೇ ಬೆವರುತ್ತ ಕೂರುವ ಮಾಸ್ತರರು ಜಿಪುಣರು. ಗೋಕಾಕದ ವೀರಪ್ಪನಂತೂ ಮನುಷ್ಯನೇ ಅಲ್ಲ. ಕತ್ತರಿಸಿ ತಂದ ಫೋಮ್ ತುರುಕಿ, ಅಂಟು ಬಳಿದು, ಮಧ್ಯಾಹ್ನದೊಳಗೆ ಕೈ ತೊಳೆದುಕೊಳ್ಳುವವನ ಹೆಸರು ಬಂದರೆ ಮಾಲಿಂಗ ಪಕ್ಕಕ್ಕೆ ಉಗುಳಿಯೇ ಮಾತು ಮುಂದುವರಿಸುತ್ತಿದ್ದ. ಇನ್ನು ಫೋಮನ್ನು ಕುರಿತು ಹೇಳುವುದೇ ಬೇಡ. "ಗಾಳಿಗೆ ಅಂಗಿ ತೊಡಿಸಿದ್ದು" ಎನ್ನುತ್ತಿದ್ದ. ಹಾಕದೆ ವಿಧಿಯಿಲ್ಲ, ಹಾಕುತ್ತಿದ್ದ, ಬೈಯುತ್ತಲೇ ಹಾಕುತ್ತಿದ್ದ.

ಇಡೀ ಜಗತ್ತಿನಲ್ಲಿ ಅವನ ಬಾಯಿಂದ ಪಾರಾದವನು ಒಬ್ಬನೇ, ಅವನ ಅಪ್ಪ ರಾಯಪ್ಪ. ಸತ್ತು ಇಪ್ಪತ್ತು ವರ್ಷವಾಗಿದೆ. ಮಮದಾಪುರದ ಕುರುಬರ ಮನೆಯಲ್ಲಿ ಹುಟ್ಟಿ, ಕೊಲ್ಲಾಪುರದಲ್ಲಿ ಟಾಂಗಾಗಳಿಗೆ ಗಾದಿ ಹೊಲಿಯುವುದನ್ನು ಕಲಿತು ಬಂದು ಈ ಅಂಗಡಿ ಇಟ್ಟವನು. ಸ್ಪ್ರಿಂಗಿನ ಮೇಲೆ ಗೋಣಿತಟ್ಟು, ಅದರ ಮೇಲೆ ತೆಂಗಿನ ನಾರು, ನಾರಿನ ಮೇಲೆ ಹತ್ತಿ. ಒಂದೊಂದನ್ನೂ ಗಿರಾಕಿಗೆ ತೋರಿಸಿದ ಮೇಲೆಯೇ ಹೊದಿಕೆ ಹೊಲಿಯುತ್ತಿದ್ದ. ಮುಚ್ಚಿ ಹೊಲಿಯುವವನು ಕಳ್ಳ ಎಂಬುದು ಅವನ ಮಾತು. ಮಾಲಿಂಗ ಆ ಮಾತನ್ನು ಊರಿಗೆಲ್ಲ ಹಂಚಿದ್ದ. "ನಮ್ಮಪ್ಪ ಹೇಳಿದ್ದೊಂದು, ಹಾಕಿದ್ದೊಂದು ಅಂತ ಯಾವನಾರ ತೋರಿಸ್ಲಿ, ಈ ಬೋರ್ಡ್ ಇಳಿಸಿ ಒಲಿಗೆ ಹಾಕತೇನಿ" ಎಂದು ಸವಾಲು ಹಾಕುತ್ತಿದ್ದ. ಯಾರೂ ತೋರಿಸಿರಲಿಲ್ಲ.

ಹೆತ್ತ ತಾಯಿ ಮಾತ್ರ ಅವನ ಬಾಯಿಂದ ಪಾರಾಗಲಿಲ್ಲ. ಶೆಟ್ಟೆವ್ವನಿಗೆ ಒಂದೇ ಗುಂಗು, ಕಂಬಳಿ. ಅವಳ ಮದುವೆಗೆಂದು ತವರಿನ ಅಪ್ಪ ಕೈಯಾರೆ ನೇಯ್ದು ಕೊಟ್ಟ ಕರಿ ಕಂಬಳಿ, ಮಾಲಿಂಗ ಕೊಲ್ಲಾಪುರದಲ್ಲಿ ಕೆಲಸ ಕಲಿಯುತ್ತಿದ್ದ ವರ್ಷ ಮನೆಯಿಂದ ಕಾಣೆಯಾಗಿತ್ತು. ಒಲೆಯ ಕಿಡಿ ಸಿಡಿದು ಸುಟ್ಟ ಮೂಲೆಗೆ ಅವಳೇ ಕೆಂಪು ದಾರದಿಂದ ತೇಪೆ ಹಾಕಿದ್ದಳು. ಮನೆಗೆ ಯಾರೇ ಬರಲಿ, "ಮೂಲ್ಯಾಗ ಕೆಂಪ ದಾರದ ತ್ಯಾಪಿ ಐತಿ, ಎಲ್ಲ್ಯಾರ ಕಂಡ್ರ ಹೇಳ್ರೆಪಾ" ಎನ್ನುತ್ತಿದ್ದಳು. ನಾದಿನಿಯ ಮೇಲೆ ಸಂಶಯ, ಕುರಿ ಹಿಂಡಿನೊಡನೆ ಬಂದು ಹೊಲದಲ್ಲಿ ತಂಗಿದವರ ಮೇಲೆ ಸಂಶಯ. ಮಾಲಿಂಗ ಅವಳಿಗೆ 'ಕಂಬಳಿ ಹುಚ್ಚಿ' ಎಂದು ಹೆಸರಿಟ್ಟು ಮಂದಿಯ ಮುಂದೆ ನಗುತ್ತಿದ್ದ. ಒಮ್ಮೆ ಅವಳಾಡಿದ ಒಂದು ಮಾತಿಗೆ ಸಿಟ್ಟು ಬಂದು, ಉಣ್ಣುತ್ತಿದ್ದ ತಾಟು ದೂಡಿ ಎದ್ದವನು ಎರಡು ವರ್ಷ ಮಮದಾಪುರದ ಹಾದಿ ತುಳಿಯಲಿಲ್ಲ. ಅವಳು ಅಲ್ಲೇ, ಕಿರಿಮಗ ಹನಮಂತನ ಮನೆಯಲ್ಲಿ ತೀರಿಕೊಂಡು ಹನ್ನೊಂದು ವರ್ಷವಾಯಿತು.

ಈ ಸಲ ಮಳೆಗಾಲದಲ್ಲಿ ಒಂದು ಸೋಮವಾರ ಸಂಕೇಶ್ವರದ ಬಾಪುಸಾಹೇಬರ ಅಂಬಾಸಿಡರ್ ಬಂದು ಅಂಗಡಿಯ ಮುಂದೆ ನಿಂತಿತು. ಅರವತ್ತೆಂಟನೆಯ ಇಸವಿಯ ಗಾಡಿ, ಬೂದು ಬಣ್ಣ, ದುಂಡು ಮೂತಿ. ಬಾಪುಸಾಹೇಬರದು ಬೆಲ್ಲದ ವ್ಯಾಪಾರ, ಹಳೆಯ ಜೈನ ಮನೆತನ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ನಡೆಸಿಕೊಂಡು ಬಂದವನು ಮಗ ಶ್ರೇಯಸ. ಇಪ್ಪತ್ತಾರರ ಪ್ರಾಯ, ಬಿಳಿ ಬೂಟು, ಹಳೆಯ ಕಾರುಗಳ ಹುಚ್ಚು. ಕೊಲ್ಲಾಪುರದಲ್ಲಿ ಹಳೆಯ ಕಾರುಗಳ ಪ್ರದರ್ಶನವಿದೆಯಂತೆ, ಅಲ್ಲಿಗೆ ಒಯ್ಯಬೇಕಂತೆ.

"ಎಲ್ಲಾ ಒರಿಜಿನಲ್ ಇರಬೇಕು ಕಾಕಾ. ಫೋಮ್ ಮಾತ್ರ ನಲವತ್ತು ಡೆನ್ಸಿಟೀದು ಹಾಕ್ರಿ" ಎಂದ ಶ್ರೇಯಸ, ಮೊಬೈಲು ನೋಡುತ್ತ.

"ಒರಿಜಿನಲ್ಲೂ ಬೇಕು, ಫೋಮೂ ಬೇಕು. ಮೀಸಿ ಬೋಳಿಸಿ ಮೀಸಿ ತಿರುವಿದಂಗಾತು ಸಣ್ಣ ಸಾವ್ಕಾರ್ರ" ಎಂದು ಮಾಲಿಂಗ ಮುಂದಿನ ಸೀಟಿನ ಹೊಲಿಗೆಗೆ ಚಾಕು ಹಾಕಿದ. ಒಂಬತ್ತು ವರ್ಷದ ಹಿಂದೆ ವೀರಪ್ಪ ತುಂಬಿದ್ದ ಫೋಮು ಹಳದಿ ಪುಡಿಯಾಗಿತ್ತು. ಒಂದು ಮುಷ್ಟಿ ತೆಗೆದು ಶ್ರೇಯಸನ ಬಿಳಿ ಬೂಟಿನ ಮೇಲೆ ನಿಧಾನವಾಗಿ ಸುರಿದ. "ವೀರಪ್ಪನ ಕೈಗುಣ ನೋಡ್ರಿ. ಕಡ್ಲಿ ಹಿಟ್ಟು. ಮನೀಗೆ ಒಯ್ರಿ, ಭಜಿ ಕರಿಯಾಕ ಬರತೈತಿ."

ಬಾಪುಸಾಹೇಬರು ನಗಲಿಲ್ಲ. ಅವರು ಬಂದದ್ದು ಹಿಂದಿನ ಸೀಟಿಗಾಗಿ. "ಇದು ನಿಮ್ಮಪ್ಪ ಮಾಡಿದ್ದು ಮಾಲಿಂಗಾ. ಎಂಬತ್ನಾಲ್ಕರಾಗ. ಇಲ್ಲೀತನಕ ಬಿಚ್ಚಿಲ್ಲ" ಎಂದರು. ರೆಕ್ಸಿನ್ ಸೀಳಿತ್ತು, ಮೇಲಿನ ಪದರಿನ ಫೋಮು ಹೊಲಿಗೆಯಿಂದ ಉದುರುತ್ತಿತ್ತು. ಆದರೆ ಎಡಮಗ್ಗುಲು ಇನ್ನೂ ಗಟ್ಟಿಯಾಗಿ ನಿಂತಿತ್ತು. ಅದು ಅವರ ತಾಯಿ ತ್ರಿಶಲಾಬಾಯಿ ಕೂರುವ ಜಾಗ. ಬಸದಿಯ ಮೆಟ್ಟಿಲಿಂದ ಬಿದ್ದು ಬೆನ್ನು ಮುರಿದುಕೊಂಡಾಗ ಅವರಿಗೆ ನಲವತ್ತೊಂದು, ಈಗ ಎಂಬತ್ತೊಂದು. ಬೇರೆ ಯಾವ ಗಾಡಿಯಲ್ಲೂ ಅವರಿಗೆ ಒಂದು ಗಳಿಗೆ ಕೂರಲಾಗದು. ಈ ಚಾತುರ್ಮಾಸದಲ್ಲಿ ಮುನಿಗಳು ಸಂಕೇಶ್ವರದಾಚೆಯ ಒಂದು ಹಳ್ಳಿಯಲ್ಲಿ ನಿಂತಿದ್ದರು. ಈ ಸೀಟಿದ್ದರೆ ಅವರ ದರ್ಶನ, ಇಲ್ಲದಿದ್ದರೆ ಇಲ್ಲ.

"ಇನ್ನೊಂದು ಮಾತು" ಎಂದರು ಬಾಪುಸಾಹೇಬರು. "ಆಯಿ ವ್ರತದಾಕಿ. ಚರ್ಮ, ಕೂದಲ, ಪ್ರಾಣಿ ಮೈಮ್ಯಾಲಿಂದು ಏನೂ ಒಳಗ ಇರಬಾರದು. ಆವಾಗೂ ನಿಮ್ಮಪ್ಪನ್ನ ಕೇಳಿದ್ಲಂತ. 'ಇದಕಿಂತ ಶುದ್ಧ ಸಾಮಾನ ನಮ್ಮ ಮನ್ಯಾಗ ಇಲ್ರಿ ಅವ್ವಾರ' ಅಂದಿದ್ನಂತ. ಆ ಮಾತಿನ ಮ್ಯಾಲ ನಲವತ್ತು ವರ್ಷ ಕುಂತಾಳ."

ನೀರು ಸೋಸುವವರು, ನೆಲದಡಿ ಬೆಳೆಯುತ್ತದೆಂದು ಗಜ್ಜರಿ ಮುಟ್ಟದವರು, ಈಗ ಸೀಟಿನ ಹೊಟ್ಟೆಯನ್ನೂ ಸೋಸುತ್ತಾರೆ ಎಂದು ಮಾಲಿಂಗ ಒಳಗೊಳಗೇ ನಕ್ಕ. ಆದರೆ ಅಪ್ಪನ ಮಾತು ಕೇಳಿ ಎದೆ ಉಬ್ಬಿತು. "ನಮ್ಮಪ್ಪ ಶುದ್ಧ ಅಂದ ಅಂದ್ರ ಶುದ್ಧ. ಹೋಗಿ ಹೇಳ್ರಿ ಅವ್ವಾರಿಗೆ" ಎಂದ.

ಮರುದಿನ ಬೆಳಿಗ್ಗೆ ಶ್ರೇಯಸ ಬರುವವರೆಗೂ ಕಾದು, ಅವನ ಕಣ್ಣೆದುರೇ ಹಿಂದಿನ ಸೀಟು ಬಿಚ್ಚಲು ಕುಳಿತ. "ಮೊಬೈಲ್ ತಗೀರಿ. ಕೆಲಸ ಅಂದ್ರ ಏನು ಅಂತ ಜಗತ್ತಿಗೆ ತೋರಿಸ್ರಿ. ಆ ಗೋಕಾಕದ ಕತ್ತೆ ವೀರಪ್ಪಗೂ ಕಳಸ್ರಿ" ಎಂದ. ಕೈಹೊಲಿಗೆ ಒಂದೊಂದೂ ಅಳೆದಿಟ್ಟಂತಿತ್ತು. ಮಾಲಿಂಗ ಬಿಚ್ಚುತ್ತ ಬಿಚ್ಚುತ್ತ ಭಾಷಣ ಮಾಡಿದ. ಇದು ನೋಡಿ, ಫೋಮು ಬರೀ ಒಂದು ಬೆರಳು ದಪ್ಪ, ಅಪ್ಪನಿಗೂ ಅದರ ಯೋಗ್ಯತೆ ಗೊತ್ತಿತ್ತು. ಇದು ಹತ್ತಿ. ಬಲಗಡೆ ನಾರು, ನಲವತ್ತು ವರ್ಷವಾದರೂ ಒಂದೆಳೆ ಮುರಿದಿಲ್ಲ. ಎಡಗಡೆ...

ಎಡಗಡೆ ನಾರಿರಲಿಲ್ಲ. ಕರ್ರಗೆ ಏನೋ ಮಡಿಸಿ ಇಟ್ಟಿತ್ತು. ಮಡಿಕೆಗಳ ನಡುವೆ ಬೇವಿನ ಎಲೆಯ ಪುಡಿ. ಮೊದಲು ಕಣ್ಣಿಗೆ ತಿಳಿಯಲಿಲ್ಲ, ಕೈಗೆ ತಿಳಿಯಿತು. ಕುರುಬರ ಮನೆಯಲ್ಲಿ ಹುಟ್ಟಿದವನ ಕೈಗೆ ಉಣ್ಣೆ ತಿಳಿಯದೆ ಇರುತ್ತದೆಯೇ? ಒಂದು ಮಡಿಕೆ ಎತ್ತಿದ. ಮೂಲೆಯಲ್ಲಿ ಕೆಂಪು ದಾರದ ತೇಪೆ ಇತ್ತು.

"ಏನ್ ಕಾಕಾ ಅದು ಕರ್ರಗ?"

"ಗೋಣಿ" ಎಂದ ಮಾಲಿಂಗ. "ಹಳೀ ಗೋಣಿ. ಮೊಬೈಲ್ ಬಂದ್ ಮಾಡ್ರಿ."

ಮೂವತ್ತೈದು ವರ್ಷದಲ್ಲಿ ಗಿರಾಕಿಗೆ ಅವನು ಹೇಳಿದ ಮೊದಲ ಸುಳ್ಳು ಅದು. ರೆಕ್ಸಿನ್ ಬಣ್ಣ ಆರಿಸಿಕೊಂಡು ಬಾ ಎಂದು ಶ್ರೇಯಸನನ್ನು ಪೇಟೆಗೆ ಅಟ್ಟಿ, ಕಂಬಳಿಯನ್ನು ತಗಡಿನ ಪೆಟ್ಟಿಗೆಗೆ ಹಾಕಿ, ಮೇಲೆ ರೆಕ್ಸಿನ್ ತುಂಡುಗಳನ್ನು ಒಟ್ಟಿದ. ಅಪ್ಪ ಮುಚ್ಚಿ ಹೊಲಿದಿದ್ದ. ವ್ರತದ ಹೆಂಗಸಿಗೆ ಶುದ್ಧ ಎಂದು ಹೇಳಿ ಕುರಿಯ ಉಣ್ಣೆ ಇಟ್ಟಿದ್ದ. ಇದು ವೀರಪ್ಪನ ಕಿವಿಗೆ ಬಿದ್ದರೆ ಗೋಕಾಕದ ಸಂತೆಯಲ್ಲಿ ಸಾರುತ್ತಾನೆ. ಒಲೆಗೆ ಹಾಕುತ್ತೇನೆ ಎಂದ ಬೋರ್ಡನ್ನು ಈಗ ಯಾರು ಇಳಿಸಬೇಕು?

ಅವ್ವನ ನೆನಪು ಬರಲಿಲ್ಲವೆಂದಲ್ಲ. ಬಂದದ್ದು ಹೀಗೆ: ಮನೆಯ ವಸ್ತು ಮನೆಯ ಕೆಲಸಕ್ಕೇ ಹೋಗಿತ್ತು, ಮುದುಕಿ ಸುಮ್ಮನೆ ಊರು ತುಂಬ ಬೊಬ್ಬೆ ಹೊಡೆದಳು. ಅಷ್ಟಕ್ಕೆ ಆ ನೆನಪು ಮುಗಿಯಿತು. ಅವನ ಚಿಂತೆಯೆಲ್ಲ ಅಪ್ಪನ ಹೆಸರಿನದಾಗಿತ್ತು.

ಎಡಮಗ್ಗುಲಿಗೆ ಹೊಸ ನಾರು ತುಂಬಿದ. ಒಳ್ಳೆಯ ಹತ್ತಿ ಬಡಿದು ಹಾಸಿದ. ಬೈಯುತ್ತಲೇ ಶ್ರೇಯಸನ ನಲವತ್ತರ ಫೋಮನ್ನೂ ಹಾಕಿದ. ಗುರುವಾರ ತ್ರಿಶಲಾಬಾಯಿ ಬಾಡಿಗೆ ಕಾರಿನಲ್ಲಿ ಮಲಗಿಕೊಂಡೇ ಬಂದರು. ಬಿಳಿ ಸೀರೆ, ಕೋಲು, ಹಗುರ ಮೈ. ಮಗನ ಕೈ ಹಿಡಿದು ಅಂಬಾಸಿಡರ್ ಹತ್ತಿ ಕುಳಿತರು, ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೇ ಸೊಂಟ ಹಿಡಿದು ಇಳಿದರು.

"ಇದಲ್ಲ" ಎಂದರು.

"ಆಯಿ, ನಾಳಿಗೆ ರೂಢಿ ಆಗತೈತಿ ಬಿಡು" ಎಂದರು ಬಾಪುಸಾಹೇಬರು.

"ನೋವ್ ನಂದೋ ನಿಂದೋ?"

ಮಾಲಿಂಗ ಮತ್ತೆ ಬಿಚ್ಚಿದ. ನಾರು ಕಡಿಮೆ ಮಾಡಿ ಹತ್ತಿ ಹೆಚ್ಚಿಸಿದ, ಫೋಮ್ ಕಿತ್ತೆಸೆದ. ಶನಿವಾರ ಅವರು ಮತ್ತೆ ಬಂದು ಕುಳಿತು ಮತ್ತೆ ಇಳಿದರು. ಹಣೆಯ ಮೇಲೆ ಬೆವರು ನಿಂತಿತ್ತು. ಆರು ದಿನದಿಂದ ಮುನಿದರ್ಶನವಿಲ್ಲ ಎಂದು ಬಾಪುಸಾಹೇಬರು ಗೊಣಗಿದರು. ತ್ರಿಶಲಾಬಾಯಿ ಮಾಲಿಂಗನನ್ನು ಹತ್ತಿರ ಕರೆದರು.

"ನಿಮ್ಮಪ್ಪ ಹಾಕಿದ್ದನ್ನ ಏನ್ ಮಾಡಿದಿ?"

"ಐತ್ರಿ ಅವ್ವಾರ."

"ಅದನ್ನ ಹಾಕು. ಏನ ಅಂತ ನಾ ಕೇಳೂದಿಲ್ಲ. ರಾಯಪ್ಪ ಶುದ್ಧ ಅಂದಿದ್ದ, ನನಗ ಅಷ್ಟ ಸಾಕು."

ಇದಕ್ಕಿಂತ ಸಲೀಸು ದಾರಿ ಯಾರಿಗೆ ಸಿಕ್ಕೀತು? ಕಂಬಳಿ ಮಡಿಸಿ ಇಟ್ಟು ಮೇಲೆ ಹತ್ತಿ ಹಾಸಿ ಹೊಲಿದರೆ ಮುಗಿಯಿತು. ಮುದುಕಿಗೆ ದರ್ಶನ, ಅಪ್ಪನಿಗೆ ಹೆಸರು, ತನಗೆ ನೆಮ್ಮದಿ. ಮಾಲಿಂಗ ಪೆಟ್ಟಿಗೆಯ ಹತ್ತಿರ ಹೋದ, ಕಂಬಳಿ ತೆಗೆದ, ದಬ್ಬಣಕ್ಕೆ ಹುರಿಯನ್ನೂ ಪೋಣಿಸಿದ. ಅಲ್ಲಿಗೆ ಅವನ ಕೈ ನಿಂತಿತು. ಮುಚ್ಚಿ ಹೊಲಿಯುವವರನ್ನು ಮೂವತ್ತೈದು ವರ್ಷ ಉಗಿದವನು ಅವನು. ಆ ಉಗುಳು ಈಗ ತನ್ನ ಮುಖಕ್ಕೇ ಬೀಳುವುದು ಅವನಿಗೆ ಸಹಿಸಲಾಗಲಿಲ್ಲ. ಧರ್ಮವೆಂದಲ್ಲ, ಸೊಕ್ಕಿನಿಂದ. ಕಂಬಳಿ ತಂದು ಅವರ ಮುಂದಿನ ಬೆಂಚಿನ ಮೇಲೆ ಹಾಕಿದ.

"ಉಣ್ಣೀದ್ರಿ ಇದು. ಕಂಬಳಿ" ಎಂದ.

ತ್ರಿಶಲಾಬಾಯಿ ಸೆರಗು ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಬಾಪುಸಾಹೇಬರ ಮುಖ ಕೆಂಪಾಯಿತು. "ನಲವತ್ತು ವರ್ಷ! ಕುರಿ ಕಾಯಾವ್ರ ಕೈಯಾಗ ಆಯಿ ವ್ರತ ಕೊಟ್ಟಂಗಾತು!" ಎಂದು ಕೂಗಿದರು.

"ನಾಲಿಗಿ ಹಿಡೀರಿ ಸಾವ್ಕಾರ್ರ!" ಮಾಲಿಂಗನ ದನಿ ಬೀದಿಗೆ ಕೇಳಿತು. "ಕೊಂದು ತಗದದ್ದಲ್ಲ ಇದು. ನಮ್ಮ ಬೀರಪ್ಪನ ಗದ್ದಿಗಿ ಮಾಡೂದು ಇದರ ಮ್ಯಾಲ, ಮದಮಕ್ಕಳನ್ನ ಕುಂಡ್ರಸೂದು ಇದರ ಮ್ಯಾಲ. ನಿಮಗ ಮೈಲಿಗಿ ಇದ್ರ ಇರ್ಲಿ. ನಮ್ಮಪ್ಪನ ಮನ್ಯಾಗ ಇದಕಿಂತ ಶುದ್ಧ ಬ್ಯಾರೆ ಇರಲಿಲ್ಲ!"

ಹೇಳುತ್ತಿರುವಾಗಲೇ ಅದು ನಿಜವೆಂದು ಅವನಿಗೇ ಹೊಳೆಯಿತು. ಅಪ್ಪ ಮೋಸ ಮಾಡಿರಲಿಲ್ಲ. ತನಗೆ ತಿಳಿದ ಅತ್ಯಂತ ಪವಿತ್ರ ವಸ್ತುವನ್ನು ತಂದು ಇಟ್ಟಿದ್ದ.

ತ್ರಿಶಲಾಬಾಯಿ ಕೈಯೆತ್ತಿ ಮಗನನ್ನು ಸುಮ್ಮನಾಗಿಸಿದರು. "ಖರೆ ಐತಿ" ಎಂದರು. "ಅಂವ ಸುಳ್ಳ ಹೇಳಿಲ್ಲ. ಅಂವಂಗ ತಿಳದದ್ದು ಅಂವ ಹೇಳಿದ, ನನಗ ತಿಳದಂಗ ನಾ ನಂಬಿದೆ. ಉಣ್ಣಿ ಮ್ಯಾಲ ಕುಂತದ್ದಕ್ಕ ಉಪವಾಸ ಮಾಡ್ತೇನಿ. ಮುನಿಗಳು ಏನ ಪ್ರಾಯಶ್ಚಿತ್ತ ಹೇಳ್ತಾರ, ತಗೋತೇನಿ."

ಮಾಲಿಂಗ ತಲೆಯೆತ್ತಿ ಬಾಪುಸಾಹೇಬರನ್ನು ಮೇಲಿಂದ ಕೆಳಗೆ ನೋಡಿದ, ಹುಳುವನ್ನು ನೋಡುವಂತೆ. ಬೋರ್ಡು ಉಳಿಯಿತು. ಅಪ್ಪ ಉಳಿದ. ಅವನ ತುಟಿ ಮತ್ತೆ ಹಳೆಯ ಹಾಗೆ ಸೊಟ್ಟಗಾಗುತ್ತಿತ್ತು.

ಆಗ ತ್ರಿಶಲಾಬಾಯಿ ಕೋಲೂರಿ, ಮುಟ್ಟದೆ, ಕಂಬಳಿಯ ಮೇಲೆ ಬಾಗಿದರು.

"ಹೊಸಾದಲ್ಲ ಇದು. ಮೂಲ್ಯಾಗ ತ್ಯಾಪಿ ಐತಿ. ಹೆಣ್ಮಗಳ ಕೈ. ಯಾರದಿದು?"

"ನಮ್ಮವ್ವಂದ್ರಿ. ಆಕಿ ಮದಿವಿಗೆ ಆಕೀ ಅಪ್ಪ ನೇಯ್ದದ್ದು" ಎಂದ ಮಾಲಿಂಗ ಹೆಮ್ಮೆಯಿಂದಲೇ.

"ಆಕಿ ಕೊಟ್ಲೇನು?"

ಹೂಂ ಎಂದಿದ್ದರೆ ಆಗಿತ್ತು. ಒಂದು ಹೂಂ. ಆದರೆ ಅಪ್ಪ ಸತ್ತ ಮರುವರ್ಷ, ಮಮದಾಪುರದಲ್ಲಿ, ರೊಟ್ಟಿ ಬಡಿಯುತ್ತ ಅವ್ವ ಆಡಿದ ಮಾತು ಬಂದು ಎದುರಿಗೆ ನಿಂತಿತು. "ನಿಮ್ಮಪ್ಪನೇ ಒಯ್ದನೋ ಏನೋ. ನಿನಗೇನರ ಹೇಳಿದ್ದನೇನೋ?" ಅವಳು ಬರೀ ಕೇಳಿದ್ದಳು. ಸತ್ತವನನ್ನು ಕಳ್ಳ ಎನ್ನುತ್ತೀಯಾ ಎಂದು ತಾಟು ದೂಡಿ ಎದ್ದವನು ತಾನು. ಆ ಮೇಲೆ ಅವಳು ಆ ಮಾತು ಎತ್ತಲೇ ಇಲ್ಲ. ನಾದಿನಿಯನ್ನೂ ಕುರಿಯವರನ್ನೂ ಬೈದುಕೊಂಡೇ ಸತ್ತಳು.

"ಇಲ್ರಿ" ಎಂದ. "ಹುಡಕತಿದ್ಲು."

"ಎಷ್ಟು ದಿನ?"

"ಸಾಯೂತನಕ."

ಶ್ರೇಯಸ ಮೊಬೈಲು ಜೇಬಿಗೆ ಹಾಕಿದ.

"ಉಣ್ಣೀಗೆ ಉಪವಾಸ ಐತಿ ಮಾಲಿಂಗಾ" ಎಂದರು ತ್ರಿಶಲಾಬಾಯಿ. "ಕೊಡದ ವಸ್ತು ಮುಟ್ಟಂಗಿಲ್ಲ ಅಂತ ವ್ರತ ತಗೊಂಡಾಕಿ ನಾ. ಒಬ್ಬಾಕಿ ಹುಡುಕೂ ವಸ್ತುವಿನ ಮ್ಯಾಲ ನಲವತ್ತು ವರ್ಷ ಆರಾಮ ಕುಂತೀನಿ. ಇದಕ್ಕ ಯಾರನ್ನ ಕೇಳ್ಲಿ? ಕೇಳಬೇಕಾದಾಕಿ ಇಲ್ಲ." ಅವನ ಮುಖ ನೋಡಿದರು. "ಆಕಿ ಹುಡುಕೂದು ನೀ ನೋಡೀದಿ. ಏನಂತಿದ್ದಿ ಆಕೀಗೆ?"

ಕಂಬಳಿ ಹುಚ್ಚಿ. ಆ ಹೆಸರು ನಾಲಿಗೆಯ ತುದಿಗೆ ಬಂತು, ಹೊರಗೆ ಬರಲಿಲ್ಲ. ಊರಿಗೆಲ್ಲ ಒಂದೊಂದು ಹೆಸರಿಟ್ಟ ಬಾಯಿ ಅದು. ಸಾವ್ಕಾರರ ಮನೆಯ ಬೆನ್ನುನೋವು ಅಪ್ಪನಿಗೆ ಕಂಡಿತ್ತು, ಸ್ವಂತ ಮನೆಯ ಹುಡುಕಾಟ ಕಂಡಿರಲಿಲ್ಲ. ಮಗನಿಗೆ ಕಂಡಿತ್ತು, ಅವನು ನಕ್ಕಿದ್ದ. ಸೀಟಿನಲ್ಲಿ ಸಿಕ್ಕ ದಿನದಿಂದ ಇಂದಿನವರೆಗೆ ಈ ಕಂಬಳಿಯ ಬಗ್ಗೆ ತಾನು ಪಟ್ಟ ಚಿಂತೆಯಲ್ಲಿ ಅವ್ವನಿಗೆಂದು ಒಂದು ಗಳಿಗೆಯೂ ಇರಲಿಲ್ಲವೆಂಬುದು ಅವನಿಗೆ ಆಗ ತಿಳಿಯಿತು, ನಾಚಿಕೆಯಾಯಿತು.

ತ್ರಿಶಲಾಬಾಯಿ ಗಾಡಿಯ ಕಡೆಗೆ ತಿರುಗಿದರು. ಎಡಮಗ್ಗುಲಿಗೆ ಒಂದು ಹಲಗೆ ಹಾಕು, ಮೇಲೆ ಖಾದಿ ಬಟ್ಟೆ ಸಾಕು ಎಂದರು. ಒರಿಜಿನಲ್ ಆಗುವುದಿಲ್ಲ ಎಂದು ಶ್ರೇಯಸ ಗೊಣಗಿದ, ಯಾರೂ ಕಿವಿಗೊಡಲಿಲ್ಲ. ಮಾಲಿಂಗ ಮಾವಿನ ಹಲಗೆ ಕೊಯ್ಯಿಸಿ, ಅಂಚು ತೀಡಿ, ಸ್ಪ್ರಿಂಗಿನ ಮೇಲೆ ಕೂರಿಸಿದ. ಆ ಮುದುಕಿ ಅದರ ಮೇಲೆಯೇ ಪ್ರತಿ ಬೆಳಿಗ್ಗೆ ಮುನಿದರ್ಶನಕ್ಕೆ ಹೋಗುತ್ತಾರೆ. ದಾರಿಯಲ್ಲಿ ಎರಡು ಕಡೆ ಗಾಡಿ ನಿಲ್ಲಿಸಿ ಇಳಿದು ನಿಲ್ಲುತ್ತಾರಂತೆ.

ಗಾಡಿ ಹೋದ ಸಂಜೆ ಮಾಲಿಂಗ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದ. ಹೆಂಡತಿ ನಂದಾ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಮದಾಪುರದಲ್ಲಿ ಅತ್ತೆಯ ಕೊನೆಯ ದಿನಗಳಲ್ಲಿ ಬಾಯಿಗೆ ನೀರು ಬಿಟ್ಟವಳು ಅವಳೇ. ಮೊರ ಕೆಳಗಿಟ್ಟು ಎದ್ದು ಬಂದು, ಮೂಲೆ ಹುಡುಕಿ, ಕೆಂಪು ದಾರದ ಮೇಲೆ ಬೆರಳಿಟ್ಟಳು.

"ಅತ್ತಿ ಹೇಳತಿದ್ದದ್ದು ಇದ ಅಲ್ಲೇನ್ರಿ?"

"ಹೂಂ."

"ಎಲ್ಲಿತ್ತು?"

"ಅಪ್ಪನೇ ಒಯ್ದಿದ್ದ" ಎಂದ ಮಾಲಿಂಗ.

ನಂದಾ ಕಂಬಳಿಯನ್ನು ಎರಡು ಸಲ ಝಾಡಿಸಿ, ಬೇವಿನ ಪುಡಿ ಉದುರಿಸಿ, ಪಡಸಾಲೆಯಲ್ಲಿ ಹಾಸಿದಳು. "ಕುಂದರ್ರಿ, ಚಾ ತರತೇನಿ" ಎಂದು ಒಳಗೆ ಹೋದಳು.

ಮಾಲಿಂಗ ಕಂಬಳಿಯ ಅಂಚಿನವರೆಗೆ ಹೋಗಿ ನಿಂತ. ಆಮೇಲೆ ಪಕ್ಕಕ್ಕೆ ಸರಿದು ಬರಿ ನೆಲದ ಮೇಲೆ ಕುಳಿತ.